ಬಾಡಿಗೆ ಅರ್ಜಿಯ ಹದಿನೇಳನೇ ಪ್ರಶ್ನೆ

ಅಕ್ಕನ ಮಗ ಎಂ.ಎಸ್. ಓದಲು ಡಲ್ಲಾಸ್‌ಗೆ ಹೋದ ಹೊಸತರಲ್ಲಿ ಮನೆ ಬಾಡಿಗೆಯ ಅರ್ಜಿ ತುಂಬುತ್ತ ನನಗೆ ವಿಡಿಯೊ ಕರೆ ಮಾಡಿದ್ದ. ಅಲ್ಲಿ ಬೆಳಗಿನ ಹತ್ತು ಗಂಟೆ, ಇಲ್ಲಿ ನಮ್ಮ ಊಟ ಮುಗಿದಿತ್ತು. ಹೆಸರು, ಪಾಸ್‌ಪೋರ್ಟ್, ಬ್ಯಾಂಕಿನಲ್ಲಿರುವ ದುಡ್ಡು, ನಾಯಿ ಇದೆಯೇ, ಇದ್ದರೆ ಎಷ್ಟು ತೂಕ ಎಂಬುದನ್ನೆಲ್ಲ ದಾಟಿ ಹದಿನೇಳನೇ ಪ್ರಶ್ನೆಗೆ ಬಂದು ನಿಂತುಬಿಟ್ಟ. ‘ಮಾಮಾ, ಇದಕ್ಕೇನು ಹಾಕ್ಲಿ?’ ಎಂದು ಫೋನನ್ನು ಲ್ಯಾಪ್‌ಟಾಪ್ ಪರದೆಯ ಕಡೆ ತಿರುಗಿಸಿದ. ನಿಮ್ಮನ್ನಾಗಲಿ, ನಿಮ್ಮ ಜೊತೆ ಇರಲಿರುವ ಯಾರನ್ನೇ ಆಗಲಿ ಎಂದಾದರೂ ಬಂಧಿಸಲಾಗಿದೆಯೇ, ಆರೋಪ ಹೊರಿಸಲಾಗಿದೆಯೇ ಅಥವಾ ಶಿಕ್ಷೆಯಾಗಿದೆಯೇ? ಪಕ್ಕದಲ್ಲಿ ಎರಡೇ ಚೌಕ. ಹೌದು, ಇಲ್ಲ.

ಅವನು ತಡವರಿಸಿದ್ದಕ್ಕೆ ಕಾರಣವಿತ್ತು. ಇಲ್ಲಿ ಬಿ.ಇ. ಓದುವಾಗ ಒಮ್ಮೆ ಟೌನ್‌ಹಾಲ್ ಮುಂದೆ ಪ್ರತಿಭಟನೆಗೆ ನಿಂತಿದ್ದವನನ್ನು ಪೊಲೀಸರು ಉಳಿದವರ ಜೊತೆ ಬಸ್ಸಿಗೆ ಹತ್ತಿಸಿ, ಯಾವುದೋ ಮೈದಾನದಲ್ಲಿ ಇಳಿಸಿ, ಹೆಸರು ವಿಳಾಸ ಬರೆದುಕೊಂಡು ಸಂಜೆ ಬಿಟ್ಟು ಕಳಿಸಿದ್ದರು. ಬಿಸ್ಕತ್ತನ್ನೂ ಕೊಟ್ಟಿದ್ದರಂತೆ. ಅದು ಬಂಧನವೋ ಅಲ್ಲವೋ? ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ‘ಹೆಸರು ಬರ್ಕೊಂಡಿದ್ರಾ? ಎಲ್ಲಿ ಬರ್ಕೊಂಡ್ರು?’ ಎಂದು ಅವರು ನನ್ನನ್ನೇ ಮರುಪ್ರಶ್ನಿಸಿದರು. ಹುಡುಗ ‘ಇಲ್ಲ’ ಎಂದು ಗುರುತು ಹಾಕಿ, ವಾಪಸ್ ಬಾರದ ಅರ್ಜಿ ಶುಲ್ಕ ಕಟ್ಟಿ, ಮನೆ ಸಿಗುವವರೆಗೆ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ.

ಆ ಒಂದು ಸಾಲಿನೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಬಂಧನವೆಂದರೆ ಒಬ್ಬ ಪೊಲೀಸನಿಗೆ ಬಂದ ಅನುಮಾನ. ಆರೋಪವೆಂದರೆ ಸರ್ಕಾರಿ ವಕೀಲರ ಮಾತು. ಶಿಕ್ಷೆ ಮಾತ್ರ ಕೋರ್ಟಿನ ತೀರ್ಮಾನ. ಅರ್ಜಿಯಲ್ಲಿ ಮೂರಕ್ಕೂ ಒಂದೇ ಚೌಕ. ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ (ಅಲ್ಲಿನವರ ಬಾಯಲ್ಲಿ ‘ಹಡ್’) 2016ರಲ್ಲಿ ಹೇಳಿದ ಅಂದಾಜಿನಂತೆ ಯಾವುದಾದರೊಂದು ಬಗೆಯ ಅಪರಾಧ ದಾಖಲೆ ಇರುವ ವಯಸ್ಕರು ಆ ದೇಶದಲ್ಲಿ 10 ಕೋಟಿಯವರೆಗೂ ಇದ್ದಾರೆ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಜೈಲು ಕಂಡವರಷ್ಟೇ ಆಗಿದ್ದರೆ ಸಂಖ್ಯೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಕೇಸು ಬಿದ್ದುಹೋದವರು, ಹದಿನೆಂಟರ ವಯಸ್ಸಿನಲ್ಲಿ ಅಂಗಡಿಯಲ್ಲಿ ಏನೋ ಎತ್ತಿಕೊಂಡು ಸಿಕ್ಕಿಬಿದ್ದವರು, ದಂಡ ಕಟ್ಟಿ ಮರೆತವರು ಎಲ್ಲರೂ ಇದರಲ್ಲಿದ್ದಾರೆ.

ಮನೆ ಮಾಲೀಕನೇ ಪೊಲೀಸನ ಕೆಲಸ ಮಾಡಬೇಕು ಎಂಬ ಯೋಚನೆ ಅಲ್ಲಿ ಬೇರೂರಿದ್ದು ತೊಂಬತ್ತರ ದಶಕದಲ್ಲಿ. ಅರಿಜೋನಾದ ಮೇಸಾ ಎಂಬ ಊರಿನ ಪೊಲೀಸರು 1992ರಲ್ಲಿ ‘ಅಪರಾಧಮುಕ್ತ ಬಾಡಿಗೆ ಮನೆ’ ಎಂಬ ಕಾರ್ಯಕ್ರಮ ಶುರುಮಾಡಿದರು. ಅದು ಊರಿಂದೂರಿಗೆ ಹಬ್ಬಿತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸರ್ಕಾರಿ ವಸತಿಗಳಿಗೆ ‘ಒಂದೇ ತಪ್ಪು, ಹೊರಗೆ’ ಎಂಬ ನಿಯಮ ಸಾರಿದರು. ಅದರ ಕೊನೆ ಎಲ್ಲಿಗೆ ಮುಟ್ಟಿತೆಂಬುದು 2002ರ ರಕರ್ ಪ್ರಕರಣದಲ್ಲಿ ಗೊತ್ತಾಯಿತು. ಓಕ್‌ಲೆಂಡಿನ 63 ವರ್ಷದ ಮಹಿಳೆಯೊಬ್ಬರ ಮಾನಸಿಕ ಅಸ್ವಸ್ಥ ಮಗಳ ಹತ್ತಿರ, ಮನೆಯಿಂದ ಮೂರು ಬೀದಿ ಆಚೆ ಕೊಕೇನ್ ಸಿಕ್ಕಿತ್ತು. ತಾಯಿಗೆ ವಿಷಯ ತಿಳಿದಿರಲಿ ಬಿಡಲಿ, ಮನೆ ಖಾಲಿ ಮಾಡಿಸಲು ಕಾನೂನಿನ ಅಡ್ಡಿಯಿಲ್ಲ ಎಂದು ಪ್ರಕರಣದ ತೀರ್ಪಿನಲ್ಲಿ ಭಾಗಿಯಾದ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು.

ಇಷ್ಟು ಹಳೆಯ ಕಥೆ. ಈಗ ಬಂದಿರುವ ಅಪಾಯ ಬೇರೆ ತರಹದ್ದು. ಪ್ರಶ್ನೆ ಕೇಳುವುದು ಕಾಗದವೇ ಆದರೂ ಉತ್ತರ ಕೊಡುವುದು ಅರ್ಜಿದಾರ ಅಲ್ಲವೇ ಅಲ್ಲ. ಬಾಡಿಗೆದಾರರನ್ನು ಜಾಲಾಡುವ ಕಂಪನಿಗಳು ಕೌಂಟಿ ಕೋರ್ಟುಗಳ, ಜೈಲುಗಳ ಕಡತಗಳನ್ನು ಸಗಟಾಗಿ ಕೊಂಡು ಗುಡ್ಡೆ ಹಾಕಿಕೊಂಡಿವೆ. ಹೆಸರು ಹಾಕಿದರೆ ಕ್ಷಣಗಳಲ್ಲಿ ಹಸಿರು, ಇಲ್ಲವೇ ಕೆಂಪು. ಎಷ್ಟೋ ಕಡೆ ಮನೆ ಕೊಡುವವನ ಕಣ್ಣಿಗೆ ಬೀಳುವುದು ಆ ಬಣ್ಣ ಒಂದೇ.

ಕನೆಕ್ಟಿಕಟ್ ರಾಜ್ಯದಲ್ಲಿ ನಡೆದದ್ದನ್ನು ನೋಡಿ. 2015ರಲ್ಲಿ ಒಬ್ಬ ಯುವಕ ಅಪಘಾತದಲ್ಲಿ ನಡೆಯಲಾಗದೆ, ಮಾತನಾಡಲಾಗದೆ, ತನ್ನ ಕೆಲಸ ತಾನು ಮಾಡಿಕೊಳ್ಳಲಾಗದೆ ನರ್ಸಿಂಗ್ ಹೋಮ್ ಸೇರಿದ. ಮಾರನೆಯ ವರ್ಷ ತಾಯಿ ಅವನನ್ನು ತನ್ನ ಬಾಡಿಗೆ ಮನೆಗೆ ಕರೆತಂದು ನೋಡಿಕೊಳ್ಳಲು ಅನುಮತಿ ಕೇಳಿದಳು. ಕಟ್ಟಡದ ಕಚೇರಿ ಅವನ ಹೆಸರನ್ನು ಕೋರ್‌ಲಾಜಿಕ್ ಎಂಬ ಕಂಪನಿಯ ‘ಕ್ರಿಮ್‌ಸೇಫ್’ ತಂತ್ರಾಂಶಕ್ಕೆ ಹಾಕಿತು. ‘ಅನರ್ಹಗೊಳಿಸುವ ದಾಖಲೆ ಇದೆ’ ಎಂದು ಬಂತು. ಏನು ದಾಖಲೆ, ಯಾವಾಗಿನದು, ಎಲ್ಲಿಯದು ಎಂಬ ವಿವರ ಕಚೇರಿಯವರಿಗೂ ಇಲ್ಲ. ಆಮೇಲೆ ತಿಳಿದದ್ದು: 2014ರಲ್ಲಿ, ಅಂದರೆ ಅಪಘಾತಕ್ಕೆ ಮುಂಚೆ, ಪೆನ್ಸಿಲ್ವೇನಿಯಾದಲ್ಲಿ ಅಂಗಡಿ ಕಳವಿನ ಒಂದು ಸಣ್ಣ ಆರೋಪ. ಅದನ್ನೂ ಹಿಂತೆಗೆದುಕೊಳ್ಳಲಾಗಿತ್ತು. ಕೈಯೆತ್ತಿ ಲೋಟ ಹಿಡಿಯಲಾರದ ಮನುಷ್ಯನನ್ನು ಕಳ್ಳತನದ ಭಯದಿಂದ ಹೊರಗಿಟ್ಟರು. ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ನರ್ಸಿಂಗ್ ಹೋಮಿನಲ್ಲೇ ಉಳಿದು, 2017ರಲ್ಲಿ ಮನೆಗೆ ಬಂದ. ದಾವೆ 2018ರಲ್ಲಿ ಹೂಡಲಾಯಿತು. 2023ರ ತೀರ್ಪಿನಲ್ಲಿ ಕೆಳ ನ್ಯಾಯಾಲಯ ಕಡತ ತೋರಿಸದಿದ್ದುದು ತಪ್ಪು ಎಂದಿತಾದರೂ ವಸತಿ ತಾರತಮ್ಯದ ಹೊಣೆಯನ್ನು ಕಂಪನಿಯ ಮೇಲೆ ಹೊರಿಸಲಿಲ್ಲ. ಮನೆ ಕೊಡದಿದ್ದವರು ಯಂತ್ರದ ಮಾತು ಕೇಳಿದೆವು ಎನ್ನುತ್ತಾರೆ. ಯಂತ್ರದ ಕಂಪನಿ ತೀರ್ಮಾನ ನಮ್ಮದಲ್ಲ ಎನ್ನುತ್ತದೆ. ನಡುವೆ ಹೊಣೆ ಎಂಬುದು ಆವಿಯಾಗಿ ಹೋಗುತ್ತದೆ.

ಇದು ನಿಜವಾದ ದಾಖಲೆಯ ಕಥೆ. ಸುಳ್ಳು ದಾಖಲೆಗಳ ಕಥೆ ಇನ್ನೊಂದು. ರಿಯಲ್‌ಪೇಜ್ ಎಂಬ ಕಂಪನಿ ವರ್ಷಗಟ್ಟಲೆ ಮಾಡಿದ್ದೇನೆಂದರೆ, ಮನೆತನದ ಹೆಸರು ಸರಿಯಾಗಿ ಕೂಡಿದರೆ ಸಾಕು, ಮೊದಲ ಹೆಸರೋ ಹುಟ್ಟಿದ ದಿನವೋ ಸುಮಾರಾಗಿ ಹೋಲಿದರೂ ‘ಇವನೇ ಅವನು’ ಎಂದು ವರದಿ ಕೊಟ್ಟದ್ದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಅದರಿಂದ 30 ಲಕ್ಷ ಡಾಲರ್ ಕಕ್ಕಿಸಿತು. 2023ರಲ್ಲಿ ಟ್ರಾನ್ಸ್‌ಯೂನಿಯನ್‌ನ ಬಾಡಿಗೆ ತಪಾಸಣಾ ವಿಭಾಗ ತಪ್ಪು ದಾಖಲೆಗಳಿಗಾಗಿ ಒಂದೂವರೆ ಕೋಟಿ ಡಾಲರ್ ತೆರಲು ಒಪ್ಪಿತು. ದಂಡ ದೊಡ್ಡದೆನಿಸಬಹುದು. ಆದರೆ ಬಾಡಿಗೆ ಮನೆಯ ವಿಚಾರದಲ್ಲಿ ತಪ್ಪನ್ನು ತಿದ್ದುವಷ್ಟರಲ್ಲಿ ಮನೆ ಹೋಗಿರುತ್ತದೆ. ಬ್ಯಾಂಕಿನ ಸಾಲವಾದರೆ ಮುಂದಿನ ತಿಂಗಳು ಮತ್ತೆ ಕೇಳಬಹುದು. ತಿಂಗಳ ಕೊನೆಗೆ ಖಾಲಿ ಮಾಡಬೇಕಾದವನಿಗೆ ಮುಂದಿನ ತಿಂಗಳು ಎಂಬುದೇ ಇಲ್ಲ.

ಸರಿ, ಮಾಲೀಕನ ಕಡೆಗೂ ಒಂದು ಮಾತಿದೆ. ನನ್ನ ಮನೆಯ ಮೇಲಿನ ಅಂತಸ್ತು ಬಾಡಿಗೆಗಿದೆ, ಹಾಗಾಗಿ ಆ ಹೆದರಿಕೆ ನನಗೂ ಗೊತ್ತು. ಅಪರಾಧದ ಹಿನ್ನೆಲೆಯಿದ್ದವರು ಬಾಡಿಗೆ ಕೊಡುವುದಿಲ್ಲ, ಜಗಳ ಮಾಡುತ್ತಾರೆ, ಅಕ್ಕಪಕ್ಕದವರಿಗೆ ಕಾಟ ಎಂಬ ನಂಬಿಕೆ ನಿಜವೇ? ಇದನ್ನು ಅಳೆದು ನೋಡಿದವರು ಕಡಿಮೆ, ಆದರೆ ಇದ್ದಾರೆ.

ಸಿಯಾಟಲ್‌ನಲ್ಲಿ ಡೇನಿಯಲ್ ಮಲೋನ್ 2009ರಲ್ಲಿ ಪ್ರಕಟಿಸಿದ ಅಧ್ಯಯನ 332 ಮಂದಿಯದು. ಎಲ್ಲರೂ ಬೀದಿಯಿಂದ ಬಂದವರು, ಮಾನಸಿಕ ಕಾಯಿಲೆಯೋ ವ್ಯಸನವೋ ಇದ್ದವರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಅಪರಾಧ ದಾಖಲೆಯಿತ್ತು. ಎರಡು ವರ್ಷದ ನಂತರ ಯಾರು ಮನೆ ಉಳಿಸಿಕೊಂಡರು, ಯಾರು ಕಳೆದುಕೊಂಡರು ಎಂದು ನೋಡಿದರೆ ದಾಖಲೆ ಇದ್ದವರಿಗೂ ಇಲ್ಲದವರಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇದಕ್ಕಿಂತ ತೂಕದ್ದು ಮಿನೆಸೋಟದ ವೈಲ್ಡರ್ ರಿಸರ್ಚ್ 2019ರಲ್ಲಿ ಹೊರತಂದ ವರದಿ. ನಾಲ್ಕು ಲಾಭರಹಿತ ವಸತಿ ಸಂಸ್ಥೆಗಳ ಸುಮಾರು 10,500 ಕುಟುಂಬಗಳ ಲೆಕ್ಕ. ಅಪರಾಧಗಳನ್ನು 15 ಬಗೆಗಳಾಗಿ ವಿಂಗಡಿಸಿದರು. 11 ಬಗೆಗಳು ಬಾಡಿಗೆದಾರನ ನಡವಳಿಕೆಯ ಬಗ್ಗೆ ಏನನ್ನೂ ಮುನ್ಸೂಚಿಸಲಿಲ್ಲ. ಉಳಿದ ನಾಲ್ಕು, ಅಂದರೆ ದೊಡ್ಡ ಮಾದಕವಸ್ತು ಅಪರಾಧ, ವಂಚನೆ, ಹಲ್ಲೆ ಮತ್ತು ಆಸ್ತಿಗೆ ಸಂಬಂಧಿಸಿದ ಅಪರಾಧಗಳು, ಮನೆ ಬಿಡಿಸಬೇಕಾದಂಥ ಪರಿಸ್ಥಿತಿ ಬರುವ ಸಾಧ್ಯತೆಯನ್ನು ಶೇ 3ರಿಂದ 9 ಅಂಶಗಳಷ್ಟು ಏರಿಸಿದವು. ಆ ಪರಿಣಾಮವೂ ಕಾಲದೊಂದಿಗೆ ಸವೆಯುತ್ತದೆ: ಸಣ್ಣ ಅಪರಾಧಕ್ಕೆ ಎರಡು ವರ್ಷ, ದೊಡ್ಡದಕ್ಕೆ ಐದು ವರ್ಷ ಕಳೆದರೆ ವ್ಯತ್ಯಾಸ ಕಾಣಿಸದು.

ಈ ವರದಿಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಅಳೆದದ್ದು ಒಳಗೆ ಬಿಟ್ಟುಕೊಂಡವರನ್ನು. ಬಾಗಿಲಲ್ಲೇ ತಿರಸ್ಕರಿಸಲ್ಪಟ್ಟವರು ಲೆಕ್ಕಕ್ಕೆ ಬಂದಿಲ್ಲ, ಅವರು ಹೇಗೆ ನಡೆದುಕೊಳ್ಳುತ್ತಿದ್ದರೋ ಅದು ಊಹೆ. ಆದರೆ ಬೇರೊಂದು ದಿಕ್ಕಿನಿಂದ ಬಂದ ಸಾಕ್ಷ್ಯ ಇದರ ಜೊತೆ ಕೂಡುತ್ತದೆ. ಆಲ್ಫ್ರೆಡ್ ಬ್ಲೂಮ್‌ಸ್ಟೀನ್ ಮತ್ತು ಕಿಮಿನೊರಿ ನಕಾಮುರಾ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ 1980ರಲ್ಲಿ ಮೊದಲ ಬಾರಿ ಬಂಧಿತರಾದ ಸುಮಾರು 88,000 ಜನರ ಮುಂದಿನ ಬದುಕನ್ನು ಬೆನ್ನುಹತ್ತಿದರು. ಪ್ರಶ್ನೆ ಸರಳ: ಎಷ್ಟು ವರ್ಷ ಸುಮ್ಮನಿದ್ದರೆ ಈ ಮನುಷ್ಯನೂ ಅದೇ ವಯಸ್ಸಿನ ಎಲ್ಲರಂತೆಯೇ ಎನ್ನಬಹುದು? ಹದಿನೆಂಟರಲ್ಲಿ ದರೋಡೆಗೆ ಸಿಕ್ಕವನಿಗೆ 7.7 ವರ್ಷ. ಮನೆಗಳ್ಳತನಕ್ಕೆ 3.8. ತೀವ್ರ ಹಲ್ಲೆಗೆ 4.3. ಬಾಡಿಗೆ ಅರ್ಜಿ ಕೇಳುವ ‘ಎಂದಾದರೂ’ ಎಂಬ ಶಬ್ದಕ್ಕೆ ಈ ಸಂಶೋಧನೆಯಲ್ಲಿ ಆಧಾರವೇ ಇಲ್ಲ. ನಲವತ್ತೈದರ ಮನುಷ್ಯನನ್ನು ಹದಿನೆಂಟರ ಹುಡುಗನ ತಪ್ಪಿಗೆ ಹೊರಗಿಡುವುದು ಎಚ್ಚರಿಕೆ ಅಲ್ಲ, ಬರೀ ಅಭ್ಯಾಸ.

ಹೊರಗಿಟ್ಟರೆ ಏನಾಗುತ್ತದೆಂಬುದರ ಸಾಕ್ಷ್ಯ ಇನ್ನೂ ಗಟ್ಟಿ. ಪ್ರಿಸನ್ ಪಾಲಿಸಿ ಇನಿಶಿಯೇಟಿವ್ 2018ರಲ್ಲಿ ಲೆಕ್ಕ ಹಾಕಿದಂತೆ, ಜೈಲಿನಿಂದ ಬಂದವರು ನಿರಾಶ್ರಿತರಾಗುವ ಪ್ರಮಾಣ ಉಳಿದ ಜನರಿಗಿಂತ ಸುಮಾರು ಹತ್ತು ಪಟ್ಟು. ಒಂದಕ್ಕಿಂತ ಹೆಚ್ಚು ಸಲ ಜೈಲಿಗೆ ಹೋದವರಲ್ಲಿ ಹದಿಮೂರು ಪಟ್ಟು. ಪರೋಲಿನ ಮೇಲೆ ಬಂದವನು ಅಧಿಕಾರಿಗೆ ವಿಳಾಸ ಕೊಡಬೇಕು. ವಿಳಾಸ ಸಿಗಬೇಕಾದರೆ ಹದಿನೇಳನೇ ಪ್ರಶ್ನೆ ದಾಟಬೇಕು. ದಾಟದಿದ್ದರೆ ಕಾರು, ಪಾರ್ಕು, ಸೇತುವೆಯ ಕೆಳಗೆ. 2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗ್ರ್ಯಾಂಟ್ಸ್ ಪಾಸ್ ಪ್ರಕರಣದಲ್ಲಿ 6–3ರ ಬಹುಮತದಿಂದ ಕೊಟ್ಟ ತೀರ್ಪು, ಹೊರಗೆ ಡೇರೆ ಹಾಕಿ ಮಲಗುವವರಿಗೆ ದಂಡ, ಜೈಲು ವಿಧಿಸಲು ನಗರಗಳಿಗೆ ದಾರಿ ಮಾಡಿತು. ಈಗ ಎರಡನ್ನೂ ಜೋಡಿಸಿ ನೋಡಿ. ದಾಖಲೆಯ ಕಾರಣಕ್ಕೆ ಮನೆಯಿಲ್ಲ. ಮನೆಯಿಲ್ಲದ ಕಾರಣಕ್ಕೆ ಹೊಸ ದಾಖಲೆ. ಗಾಣದೆತ್ತಿನ ಹಾಗೆ ಒಂದೇ ಸುತ್ತು. ಅದೇ 2024ರ ಜನವರಿಯಲ್ಲಿ ಒಂದು ರಾತ್ರಿ ನಡೆಸಿದ ಎಣಿಕೆಯಲ್ಲಿ ಅಮೆರಿಕದ ನಿರಾಶ್ರಿತರು 7,71,480. ಅಲ್ಲಿಯವರೆಗಿನ ಎಣಿಕೆಗಳಲ್ಲಿ ಅದೇ ಅತಿ ಹೆಚ್ಚು. ಈ ಏರಿಕೆಗೆ ಬಾಡಿಗೆ ದರವೇ ಮೊದಲಾಗಿ ಹಲವು ಕಾರಣಗಳಿವೆ, ಎಲ್ಲವನ್ನೂ ಈ ಪ್ರಶ್ನೆಯ ತಲೆಗೆ ಕಟ್ಟಲಾರೆ. ಆದರೆ ಮನೆಗಳು ಕಡಿಮೆಯಾಗಿ ಅರ್ಜಿಗಳು ಹೆಚ್ಚಾದಾಗ ಮೊದಲು ಜರಡಿಯಿಂದ ಕೆಳಗೆ ಬೀಳುವವರು ಕೆಂಪು ಗುರುತಿನವರೇ.

ಹಾಗಾದರೆ ಪ್ರಶ್ನೆಯನ್ನೇ ತೆಗೆದುಹಾಕಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಸಿಯಾಟಲ್ 2017ರಲ್ಲಿ ಅಪರಾಧ ಹಿನ್ನೆಲೆ ಕೇಳುವುದನ್ನೇ ನಿಷೇಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಕೇಳುವುದು ಮಾಲೀಕರ ವಾಕ್ ಸ್ವಾತಂತ್ರ್ಯ ಎಂದು ಆ ಭಾಗವನ್ನು ಹೊಡೆದುಹಾಕಿ, ಅದರ ಆಧಾರದ ಮೇಲೆ ಮನೆ ನಿರಾಕರಿಸುವಂತಿಲ್ಲ ಎಂಬ ಭಾಗವನ್ನು ಉಳಿಸಿತು. ಅಂದರೆ ಕೇಳಬಹುದು, ಕೇಳಿ ಮರೆತುಬಿಡಬೇಕು! ನಮ್ಮ ಕನ್ನಡಿಗರು ಬಹಳ ಇರುವ ನ್ಯೂಜೆರ್ಸಿಯಲ್ಲಿ 2022ರ ಜನವರಿಯಿಂದ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾಯ್ದೆಯಿದೆ. ಮಾಲೀಕ ಮೊದಲು ಷರತ್ತಿನ ಒಪ್ಪಿಗೆ ಕೊಡಬೇಕು, ಆಮೇಲಷ್ಟೇ ಹಿನ್ನೆಲೆ ನೋಡಬೇಕು. ನ್ಯೂಯಾರ್ಕ್ ನಗರದಲ್ಲೂ ಇಂಥದೇ ಕಾಯ್ದೆ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಅಲ್ಲಿ ಸಣ್ಣ ಅಪರಾಧಕ್ಕೆ ಮೂರು ವರ್ಷ, ದೊಡ್ಡದಕ್ಕೆ ಐದು ವರ್ಷ ಹಿಂದಕ್ಕೆ ಮಾತ್ರ ನೋಡಬಹುದು. ವೈಲ್ಡರ್ ವರದಿಯ ಅಂಕಿಗಳಿಗೆ ಇದು ಎಷ್ಟು ಹತ್ತಿರ ಎಂಬುದನ್ನು ಗಮನಿಸಿ.

ಇಲ್ಲಿಗೆ ಮುಗಿಸಿದ್ದರೆ ಲೇಖನ ಸುಖಾಂತವಾಗುತ್ತಿತ್ತು. ಮಿನಿಯಾಪೊಲಿಸ್‌ನಿಂದ ಬಂದ ಸಾಕ್ಷ್ಯ ಹಾಗೆ ಬಿಡುವುದಿಲ್ಲ. ಆ ನಗರ 2020ರಲ್ಲಿ ಹಿನ್ನೆಲೆ ತಪಾಸಣೆಗೆ ಮಿತಿ ಹಾಕಿತು. ಮರೀನಾ ಗೋರ್ಜಿಗ್ ಮತ್ತು ಡೆಬೊರಾ ರೋ ಎಂಬ ಅರ್ಥಶಾಸ್ತ್ರಜ್ಞರು ನಿಯಮಕ್ಕೆ ಮುಂಚೆ ಮತ್ತು ನಂತರ, ಬೇರೆ ಬೇರೆ ಸಮುದಾಯದ್ದೆನಿಸುವ ಹೆಸರುಗಳಿಂದ ಮಾಲೀಕರಿಗೆ ಈಮೇಲ್ ಬರೆದರು. ನಿಯಮ ಬಂದ ಮೇಲೆ ಕಪ್ಪು ಜನರ, ಸೊಮಾಲಿ ಮೂಲದವರ ಹೆಸರಿಗೆ ಉತ್ತರ ಬರುವುದು ಇನ್ನೂ ಕಡಿಮೆಯಾಯಿತು. ಕಾಗದ ನೋಡಬಾರದೆಂದಾಗ ಮಾಲೀಕರು ಹೆಸರು ನೋಡಿ ಊಹಿಸಿದರು. ಉದ್ಯೋಗದ ಅರ್ಜಿಯಿಂದ ಇದೇ ಪ್ರಶ್ನೆ ತೆಗೆದಾಗಲೂ ಹೀಗೇ ಆಗಿತ್ತು. ಅಮಂಡಾ ಅಗಾನ್ ಮತ್ತು ಸೋನ್ಯಾ ಸ್ಟಾರ್ ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಸುಮಾರು 15,000 ನಕಲಿ ಅರ್ಜಿ ಹಾಕಿ ನೋಡಿದ ಪ್ರಯೋಗದಲ್ಲಿ, ಬಿಳಿಯರಿಗೆ ಕಪ್ಪು ಜನರಿಗಿಂತ ಶೇ 7ರಷ್ಟು ಹೆಚ್ಚು ಕರೆ ಬರುತ್ತಿದ್ದದ್ದು ಪ್ರಶ್ನೆ ಹೋದ ಮೇಲೆ ಶೇ 43ಕ್ಕೆ ಏರಿತು. ಪ್ರಶ್ನೆಯನ್ನು ಬಚ್ಚಿಡುವುದು ಅರ್ಧ ಔಷಧ. ಹೆಸರು ನೋಡಿ ಬಾಗಿಲು ಹಾಕುವವನನ್ನು ಹಿಡಿಯುವ ಕಾನೂನು ಜೊತೆಗಿಲ್ಲದಿದ್ದರೆ ಅದು ಅಡ್ಡಪರಿಣಾಮದ ಔಷಧ.

ಆ ಎರಡನೇ ಕಾನೂನೇ ಈಗ ಅಮೆರಿಕದಲ್ಲಿ ಸಡಿಲವಾಗುತ್ತಿದೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು ಸಹಿ ಬಿದ್ದ ಫೇರ್ ಹೌಸಿಂಗ್ ಕಾಯ್ದೆಯನ್ನು ಆಧರಿಸಿ 2015ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತ್ತು. ಮನಸ್ಸಿನಲ್ಲಿ ದ್ವೇಷವಿತ್ತೆಂದು ಸಾಬೀತಾಗದಿದ್ದರೂ, ನಿಯಮದ ಪರಿಣಾಮ ಒಂದು ಜನಾಂಗದ ಮೇಲೆ ಅನ್ಯಾಯವಾಗಿ ಬೀಳುತ್ತಿದ್ದರೆ ಅದನ್ನು ಪ್ರಶ್ನಿಸಬಹುದು. 2014ರಲ್ಲಿ ಜನಸಂಖ್ಯೆಯ ಶೇ 12ರಷ್ಟಿದ್ದ ಕಪ್ಪು ಜನರು ಕೈದಿಗಳಲ್ಲಿ ಶೇ 36ರಷ್ಟಿದ್ದರು ಎಂಬ ಅಂಕಿ ಮುಂದಿಟ್ಟುಕೊಂಡೇ ಹಡ್ 2016ರಲ್ಲಿ ಬರೀ ಬಂಧನದ ದಾಖಲೆ ನೋಡಿ ಮನೆ ನಿರಾಕರಿಸಬಾರದು ಎಂದದ್ದು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ಪರಿಣಾಮ ಆಧರಿಸಿದ ಇಂಥ ಪ್ರಕರಣಗಳನ್ನು ಹಿಂದಕ್ಕೆ ಸರಿಸಲು ಫೆಡರಲ್ ಇಲಾಖೆಗಳಿಗೆ ಹೇಳಿದೆ. ತಂತ್ರಾಂಶಕ್ಕೆ ದ್ವೇಷವಿರುವುದಿಲ್ಲ, ಪರಿಣಾಮವಷ್ಟೇ ಇರುತ್ತದೆ. ಪರಿಣಾಮವನ್ನು ನೋಡಬೇಡಿ ಎಂದ ಮೇಲೆ ತಂತ್ರಾಂಶವನ್ನು ಪ್ರಶ್ನಿಸುವುದು ಹೇಗೆ? ವರ್ಷಕ್ಕೆ ಸರಾಸರಿ ಆರೂವರೆ ಲಕ್ಷ ಜನ ಜೈಲಿನಿಂದ ಹೊರಬರುವ ದೇಶವೆಂದು ಹಡ್ ಅದೇ 2016ರ ಕಡತದಲ್ಲಿ ಬರೆದಿತ್ತು. ಅವರೆಲ್ಲ ಸಂಜೆಗೆ ಎಲ್ಲಾದರೂ ತಲೆ ಇಡಬೇಕು.

ಅವರ ಕಷ್ಟ ಅವರಿಗೆ, ನಮಗೇನು ಎಂದುಕೊಳ್ಳುವ ಹಾಗಿಲ್ಲ. ಬೆಂಗಳೂರಿನಲ್ಲಿ ಬಾಡಿಗೆದಾರರ ಪೊಲೀಸ್ ವೆರಿಫಿಕೇಶನ್ ಎಂಬುದು ಎಲ್ಲ ಬ್ರೋಕರ್‌ಗಳ ಬಾಯಲ್ಲಿದೆ. ಇಲ್ಲಿಯವರೆಗೆ ಅದು ಠಾಣೆಯಲ್ಲಿ ಒಂದು ಫಾರಂ, ಎರಡು ಫೋಟೊ, ಆಧಾರ್ ಜೆರಾಕ್ಸ್. ಫಾರಂ ಧೂಳು ತಿನ್ನುತ್ತಿತ್ತು, ಆ ಸೋಮಾರಿತನವೇ ಒಂದು ರೀತಿಯ ರಕ್ಷಣೆಯಾಗಿತ್ತು. ಅದು ಮುಗಿಯುತ್ತ ಬಂದಿದೆ. ಎಫ್‌ಐಆರ್‌ಗಳನ್ನು ದಾಖಲಿಸಿದ 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಆರೋಪಿಗೆ ತನ್ನ ಮೇಲೇನಿದೆ ಎಂದು ತಿಳಿಯಲಿ ಎಂಬುದು ಉದ್ದೇಶ, ಒಳ್ಳೆಯದೇ. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ಅದೂ ಒಳ್ಳೆಯದೇ. ಈ ಎರಡು ಒಳ್ಳೆಯದನ್ನು ಗುಡಿಸಿ ಗುಡ್ಡೆ ಹಾಕಿ, ಆ್ಯಪ್ ಕಟ್ಟಿ, ‘ಬಾಡಿಗೆದಾರರ ವರದಿ’ ಎಂದು ಮಾರುವ ವ್ಯಾಪಾರ ಶುರುವಾಗಿದೆ.

ಅಮೆರಿಕದ ಗುಡ್ಡೆಯಲ್ಲಿ ಶಿಕ್ಷೆಗಳಾದರೂ ಒಂದು ಪಾಲು ಇವೆ. ನಮ್ಮ ಗುಡ್ಡೆಯಲ್ಲಿ ಏನಿರುತ್ತದೆ? 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಶೇ 75.8. ಅಪರಾಧಿ ಎಂದು ಯಾರೂ ಇನ್ನೂ ಹೇಳದವರು. ಇವರಲ್ಲದೆ ಅಣ್ಣತಮ್ಮಂದಿರ ಬದು ಜಗಳಕ್ಕೆ ಮನೆಮಂದಿಯನ್ನೆಲ್ಲ ಸೇರಿಸಿ ಬರೆಸಿದ ಎಫ್‌ಐಆರ್‌ಗಳು, ಕೊನೆಗೆ ಬಿ ರಿಪೋರ್ಟ್ ಬಿದ್ದ ಕೇಸುಗಳು, ರಾಜಿಯಾದವು, ಖುಲಾಸೆಯಾದವು. ಯಾವ ಕೋರ್ಟೂ ಶಿಕ್ಷಿಸದೆ ಠಾಣೆಯಲ್ಲಿ ತೆರೆದ ರೌಡಿ ಶೀಟ್ ಬೇರೆ. ಅಮೆರಿಕದಲ್ಲಿ 1970ರ ಕಾಯ್ದೆಯೊಂದು ಶಿಕ್ಷೆಯಾಗದ ಬಂಧನವನ್ನು ಏಳು ವರ್ಷದ ಮೇಲೆ ವರದಿ ಮಾಡಬಾರದು, ನಿರಾಕರಿಸಿದರೆ ತಿಳಿಸಬೇಕು, ಕಡತ ತೋರಿಸಬೇಕು, ತಪ್ಪಿದ್ದರೆ ತಿದ್ದಬೇಕು ಎನ್ನುತ್ತದೆ. ಮೇಲೆ ಹೇಳಿದ ದಂಡಗಳ ಹಿಂದಿರುವುದು ಆ ಕಾಯ್ದೆಯೇ. ನಮ್ಮಲ್ಲಿ ಸಾಲದ ಇತಿಹಾಸಕ್ಕೆ ಇಂಥ ರಕ್ಷಣೆ 2005ರ ಕಾಯ್ದೆಯಿಂದ ಇದೆ, ಸಿಬಿಲ್‌ನಲ್ಲಿ ತಪ್ಪಿದ್ದರೆ ತಕರಾರು ಹಾಕಬಹುದು. ಬಾಡಿಗೆ ವರದಿಗೆ ಅದು ಅನ್ವಯಿಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಕಾಪಾಡೀತೇ ಎಂದು ಓದಿದರೆ, ಕಾನೂನಿನ ಪ್ರಕಾರ ಬಹಿರಂಗಪಡಿಸಲೇಬೇಕಾದ ಮಾಹಿತಿಯನ್ನು ಅದು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಎಫ್‌ಐಆರೂ ಕೋರ್ಟಿನ ಕಡತವೂ ಅದೇ ಸಂದಿಯಿಂದ ನುಸುಳಬಹುದು. ನಮ್ಮದೇ ಹೈಕೋರ್ಟ್ 2017ರಲ್ಲಿ ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ಮರೆಮಾಡಲು ಆದೇಶಿಸಿದ್ದುಂಟು, ಆದರೆ ಅದು ಹೈಕೋರ್ಟಿನವರೆಗೆ ಹೋಗಬಲ್ಲವರಿಗೆ.

ಹೆಸರಿನ ತೊಂದರೆಯಂತೂ ನಮಗೆ ಅಮೆರಿಕಕ್ಕಿಂತ ಹೆಚ್ಚು. ಅವರಿಗೆ ಮನೆತನದ ಹೆಸರಾದರೂ ಇದೆ. ಹಳೇ ಮೈಸೂರಿನ ಕಡೆ ನಮಗಿರುವುದು ಒಂದು ಇನಿಶಿಯಲ್ಲು, ಒಂದು ದೇವರ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಮಂಜುನಾಥನ ಕೊನೆಗೆ ಒಂದು ‘ಎ’ ಇರಬಹುದು, ಇಲ್ಲದಿರಬಹುದು. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಒಂದು ರಾತ್ರಿ ಇ-ಕೋರ್ಟ್ಸ್‌ನಲ್ಲಿ ನನ್ನ ಹೆಸರನ್ನೇ ಹಾಕಿ ನೋಡಿದೆ. ಚೆಕ್ ಬೌನ್ಸ್, ವಿಚ್ಛೇದನ, ಹಲ್ಲೆ, ಮೋಟಾರು ಅಪಘಾತ. ಪುಟ ತಿರುವುತ್ತ ಹೋದಂತೆ ನಾನು ಎಂಥೆಂಥ ಬಾಳು ಬಾಳಿದ್ದೇನೆ ಎನಿಸಿ ನಗು ಬಂತು.

ದಾಖಲೆಯ ನೆಪದಲ್ಲಿ ಜನರನ್ನೇ ಗುರುತು ಹಾಕುವುದು ಈ ನೆಲಕ್ಕೆ ಹೊಸದಲ್ಲ. ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಇಡೀ ಸಮುದಾಯಗಳನ್ನು ಹುಟ್ಟಿನಿಂದ ಅಪರಾಧಿಗಳೆಂದರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಅವರನ್ನು ಕೂಡಿಟ್ಟ ಜಾಗಕ್ಕೆ ಇವತ್ತಿಗೂ ಜನ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ಹೋಯಿತು, ವಿಳಾಸ ಉಳಿಯಿತು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನೂ, ಈ ಸಮುದಾಯಗಳನ್ನು ‘ರೂಢಿಗತ ಅಪರಾಧಿ’ಗಳೆಂದು ಎಣಿಸುವುದನ್ನೂ ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ಹೆಸರು ಕೇಳಿ, ಜಾತಿ ಧರ್ಮ ಊಹಿಸಿ ಮನೆ ಇಲ್ಲ ಎನ್ನುವುದನ್ನು ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಅಳೆದು 2015ರಲ್ಲೇ ಪ್ರಕಟಿಸಿದ್ದಾರೆ. ಈಗ ಆ ‘ಇಲ್ಲ’ಕ್ಕೆ ಒಂದು ಪಿಡಿಎಫ್ ಸಿಗುತ್ತದೆ.

ಪಿಡಿಎಫ್ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಮೇಲಿನ ಮನೆ ಹೋದ ವರ್ಷ ಒಂದು ತಿಂಗಳು ಖಾಲಿಯಿತ್ತು. ಬ್ರೋಕರ್ ತುಮಕೂರು ಕಡೆಯ ಒಬ್ಬ ಹುಡುಗನನ್ನು ಕರೆತಂದ. ಲ್ಯಾಬ್ ಟೆಕ್ನಿಶಿಯನ್, ಇಪ್ಪತ್ತೇಳು ವಯಸ್ಸು, ಮದುವೆ ನಿಶ್ಚಯವಾಗಿತ್ತು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅಡುಗೆಮನೆಯ ಕಟ್ಟೆ ಸ್ವಲ್ಪ ಎತ್ತರ ಮಾಡಿಸಬಹುದೇ ಎಂದು ಕೇಳಿದ. ಅಡ್ವಾನ್ಸ್ ಮಾತಾಯಿತು. ರಾತ್ರಿ ಬ್ರೋಕರ್ ವಾಟ್ಸ್ಆ್ಯಪ್‌ನಲ್ಲಿ ಯಾವುದೋ ಆ್ಯಪ್‌ನ ವರದಿ ಕಳಿಸಿದ. ‘ಸಂಭಾವ್ಯ ಹೊಂದಾಣಿಕೆ: 1’ ಎಂದು ಕೆಂಪು ಅಕ್ಷರ. ಮಧುಗಿರಿ ಕೋರ್ಟು, 2019ರ ಕೇಸು, ಸ್ಥಿತಿ: ಡಿಸ್ಪೋಸ್ಡ್. ಕೆಳಗೆ ಅವನ ಸಂದೇಶ: ‘ಸಾರ್ ಡಿಸ್ಪೋಸ್ಡ್ ಅಂದ್ರೆ ಜೈಲಾಯ್ತು ಅಂತಾನಾ?’

ಅಲ್ಲ, ಕೇಸು ಮುಗಿಯಿತು ಅಂತ, ಹೇಗೆ ಮುಗಿಯಿತೋ ನೋಡಬೇಕು ಎಂದು ಬರೆದೆ. ಎರಡು ಸಂಜೆ ಕೂತು ಇ-ಕೋರ್ಟ್ಸ್‌ನಲ್ಲಿ ಕೇಸು ಹುಡುಕಿ, ಕ್ಯಾಪ್ಚಾ ತಪ್ಪಿ ತಪ್ಪಿ ಮತ್ತೆ ಹಾಕಿ, ತೀರ್ಪಿನ ಪ್ರತಿ ಇಳಿಸಿಕೊಂಡೆ. ಆರೋಪಿಯ ತಂದೆಯ ಹೆಸರು ಬೇರೆ. ವಯಸ್ಸು ಸುಮಾರು 52. ಜಮೀನಿನ ಗಲಾಟೆ, ಖುಲಾಸೆ.

ಬ್ರೋಕರ್‌ಗೆ ಫೋನ್ ಮಾಡಿದೆ. ‘ಅಯ್ಯೋ, ಆ ಹುಡುಗ ಹೋದ್ನಲ್ಲ ಸಾರ್. ನೀವು ಏನೂ ಹೇಳ್ಲಿಲ್ಲ ಅಂತ ಇನ್ನೂ ಮೂರು ಮನೆಗೆ ತೋರಿಸ್ದೆ. ಅದೇ ಪಿಡಿಎಫ್ ಕಳಿಸಿದ್ದೆ ಅವರಿಗೂ.’